ಸಕಾರ ನುಂಗುವವರು

ಜೂನ್ 3, ಮಂಗಳವಾರ

ಅಡುಗೆಮನೆಯ ಗೋಡೆಯೊಳಗೆ ಪೈಪು ಸೋರುತ್ತಿದೆ. ನಿನ್ನೆ ಸಂಜೆಯಿಂದ ಕೇಳುತ್ತಿದ್ದೇನೆ. ಸ್‌ಸ್‌ಸ್ ಎಂದು ಒಂದೇ ಸಮ, ನಡುವೆ ಉಸಿರೂ ತೆಗೆದುಕೊಳ್ಳದ ಸದ್ದು. ಇವರಿಗೆ ಹೇಳಿದೆ. ಗೋಡೆಗೆ ಕಿವಿ ಆನಿಸಿ ಎಷ್ಟೋ ಹೊತ್ತು ನಿಂತು, "ಏನೂ ಇಲ್ವಲ್ಲೇ" ಅಂದರು. ನನ್ನ ಗಂಡ ಬಸ್ ಓಡಿಸುವವರು. ಹಾರ್ನ್ ಬಿಟ್ಟು ಬೇರೆ ಸದ್ದು ಅವರ ಲೆಕ್ಕಕ್ಕೇ ಇಲ್ಲ. ಇಂಥವರಿಗೆ ಕೇಳಿಸದ್ದು ನನಗೆ ಕೇಳಿಸುತ್ತದೆ ಎಂದೇ ನನಗೆ ಸಂಬಳ ಕೊಡುತ್ತಾರೆ.

ನೀರು ಸರಬರಾಜು ಇಲಾಖೆಯಲ್ಲಿ ನನ್ನ ಕೆಲಸ ಇಷ್ಟೇ. ಬೆಳ್ಳಂಬೆಳಗ್ಗೆ, ವಾಹನಗಳ ಗಲಾಟೆ ಶುರುವಾಗುವ ಮುಂಚೆ, ಕಬ್ಬಿಣದ ಕೋಲನ್ನು ರಸ್ತೆಗೆ ಊರಿ, ಮೇಲ್ತುದಿಯ ಬಟ್ಟಲಿಗೆ ಕಿವಿ ಇಟ್ಟು, ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಹೇಳುವುದು. ನಾನು ಸೀಮೆಸುಣ್ಣದಲ್ಲಿ ಗುರುತು ಮಾಡಿದಲ್ಲಿ, ನನ್ನ ಪಕ್ಕದಲ್ಲೇ ಯಂತ್ರದಿಂದ ರಸ್ತೆ ಒಡೆದು ಅಗೆದರೆ ನೀರು ಸಿಕ್ಕೇ ಸಿಗುತ್ತದೆ. ಸೋರುವ ಸದ್ದು ಹಿಡಿಯಲು ಹೊಸ ಯಂತ್ರ ತರಿಸಿದ್ದರು, ಅದು ಬೀರುವಿನಲ್ಲಿ ನಿದ್ದೆ ಮಾಡುತ್ತಿದೆ. ಇಲಾಖೆಯಲ್ಲಿ ನನ್ನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಕಿವಿಯಕ್ಕ ಅಂದರೆ ಎಲ್ಲರಿಗೂ ಗೊತ್ತು. ಹಾಗೆ ಕರೆದಾಗ ಒಳಗೊಳಗೇ ಉಬ್ಬಿಹೋಗುತ್ತೇನೆ. ನಾನೇ ಓದುವ ಪುಸ್ತಕದಲ್ಲಿ ಬರೆದುಕೊಳ್ಳಲು ನಾಚಿಕೆಯೇನು?

ಅಂಥವಳ ಮನೆಯಲ್ಲೇ ಲೀಕ್. ರಜೆ ಹಾಕಿ ಗೋಡೆ ಒಡೆಸುತ್ತೇನೆ.

ಜೂನ್ 5, ಗುರುವಾರ

ಗೋಡೆ ಒಡೆದಾಯಿತು. ಒಳಗೆ ಒಂದು ತೊಟ್ಟು ನೀರಿಲ್ಲ. ಗಾರೆ ಕೆಲಸದವನು "ಇನ್ನೂ ಒಡೀಲಾ ಅಮ್ಮಾ?" ಎಂದು ನಗು ತಡೆದುಕೊಂಡು ಕೇಳಿದ. ಇವರು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು.

ಸದ್ದು ಹಾಗೇ ಇದೆ. ಪಕ್ಕದ ಮನೆಯವರ ಪೈಪು ಇರಬೇಕು.

ಜೂನ್ 15, ಭಾನುವಾರ

ಮುಂದಿನ ಎರಡು ಹಲ್ಲು ಬಿದ್ದ ಮೇಲೆ ಪುಟ್ಟಿಯ ಮಾತು ಕೆಟ್ಟಿದೆ. ಏಳು ವರ್ಷದ ಹುಡುಗಿ, ಸಕಾರವನ್ನೆಲ್ಲ ನುಂಗಿಬಿಡುತ್ತಾಳೆ. ಬೆಳಿಗ್ಗೆ ಹಾಲಿನ ಲೋಟ ಹಿಡಿದು ಬಂದು "ಅಮ್ಮಾ, ಅಕ್ಕರೆ ಬೇಕು" ಅಂದಳು. ಕರುಳು ಚುರ್ರೆಂದಿತು. ಹೆತ್ತ ಮಗಳು ಬಾಯಿಬಿಟ್ಟು ಅಕ್ಕರೆ ಕೇಳುವಂತಾಯಿತಲ್ಲ ಎಂದು ಬರಸೆಳೆದು ಅಪ್ಪಿಕೊಂಡೆ, ಎರಡೂ ಕೆನ್ನೆಗೆ ಮುತ್ತು ಕೊಟ್ಟೆ. ಅವಳು ಕೊಸರಿಕೊಂಡು ಡಬ್ಬದ ಕಡೆ ಬೆರಳು ಮಾಡಿ ಕಾಲು ನೆಲಕ್ಕೆ ಬಡಿದಳು. ಆಗ ಗೊತ್ತಾಯಿತು, ಮಗಳು ಕೇಳಿದ್ದು ಸಕ್ಕರೆ.

ನಕ್ಕು ನಕ್ಕು ಹೊಟ್ಟೆ ನೋವು ಬಂತು. ಆಮೇಲೆ ಎದುರಿಗೆ ಕೂರಿಸಿಕೊಂಡು ಸ, ಸಾ, ಸಿ, ಸೀ ಹೇಳಿಸಿದೆ. ಅ, ಆ, ಇ, ಈ ಅನ್ನುತ್ತಾಳೆ, ಹಟಮಾರಿ. ಗದರಿದರೆ "ಹೇಳ್ತಾನೇ ಇದೀನಲ್ಲಮ್ಮಾ" ಎಂದು ಅತ್ತಳು.

ಮಧ್ಯಾಹ್ನ ಇವರಿಗೆ ಚಹಾ ಬಗ್ಗಿಸುತ್ತಿದ್ದೆ. "ಹಾಕು" ಅಂದರು, ಹಾಕಿದೆ. "ಹಾಕು ಹಾಕು" ಅಂದರು, ಇನ್ನೂ ಹಾಕಿದೆ. ಲೋಟ ತುಂಬಿ ತೊಡೆಯ ಮೇಲೆ ಚೆಲ್ಲಿತು. ಎಗರಿ ನಿಂತು, "ಏನೇ ಇದು, ಜಾಣಕಿವುಡು ಶುರು ಮಾಡಿದ್ಯಾ?" ಎಂದು ಕೂಗಾಡಿದರು. ಹಾಕು ಅನ್ನುವವರೂ ಇವರೇ, ಹಾಕಿದರೆ ಬೈಯುವವರೂ ಇವರೇ. ಈ ಗಂಡಸರ ಮಾತಿಗೆ ತಲೆಬುಡವಿಲ್ಲ.

ಜೂನ್ 26, ಗುರುವಾರ

ಇವತ್ತು ನನ್ನ ಗುರುತು ಸುಳ್ಳಾಯಿತು.

ಬೇಕರಿ ಬೀದಿಯ ತಿರುವಿನಲ್ಲಿ ಕೋಲು ಊರಿದೆ. ಸದ್ದು ಎಷ್ಟು ಸ್ಪಷ್ಟವಾಗಿತ್ತು ಎಂದರೆ ಎರಡನೇ ಸಲ ಕೇಳುವ ಗೋಜಿಗೇ ಹೋಗಲಿಲ್ಲ. ಗುದ್ದಲಿ ಅಗೆದ. ನನ್ನ ಹಾಗೆ ಅವನ ಹೆಸರೂ ಇಲಾಖೆಯಲ್ಲಿ ಕಳೆದುಹೋಗಿದೆ. ನಾನು ಕಿವಿ, ಅವನು ಗುದ್ದಲಿ. ನನಗಿಂತ ಹತ್ತು ವರ್ಷ ಚಿಕ್ಕವನು, ನಾನು ತೋರಿಸಿದಲ್ಲಿ ಕಣ್ಣು ಮುಚ್ಚಿಕೊಂಡು ಅಗೆಯುತ್ತಾನೆ. ಸೊಂಟದವರೆಗೆ ಅಗೆದ, ಎದೆಯವರೆಗೆ ಅಗೆದ. ಪೈಪು ಸಿಕ್ಕಿತು. ಸುತ್ತ ಮಣ್ಣು ಹಿಟ್ಟಿನಂತೆ ಒಣಗಿತ್ತು. ಬೇಕರಿಯವನು, ಅವನ ಗಿರಾಕಿಗಳು, ಎಲ್ಲ ಬಗ್ಗಿ ನೋಡುತ್ತಿದ್ದರು.

ಗುದ್ದಲಿ ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿದ. ಸೊಂಟದಲ್ಲಿದ್ದ ಕುಡಿಯುವ ನೀರಿನ ಬಾಟಲಿ ತೆಗೆದು, ಬಗ್ಗಿದ ಹಾಗೆ ಮಾಡಿ, ಅವರಿಗೆ ಕಾಣದಂತೆ ಬೆನ್ನು ಅಡ್ಡ ಇಟ್ಟು ಅಷ್ಟನ್ನೂ ಪೈಪಿನ ಮೇಲೆ ಸುರಿದ. ಆಮೇಲೆ ಎಲ್ಲರಿಗೂ ಕೇಳುವಂತೆ, "ಇಲ್ಲೇ ಅಕ್ಕಾ, ಜಾಯಿಂಟು ಒಸರ್ತಿದೆ, ಬಿಗಿ ಮಾಡ್ತೀನಿ" ಎಂದ.

ಲಾರಿಯಲ್ಲಿ ವಾಪಸು ಬಂದೆವು. ಇಳಿಯುವಾಗ ಥ್ಯಾಂಕ್ಸ್ ಕಣೋ ಅಂದೆ. "ಅರಿ ಬಿಡಕ್ಕಾ" ಎಂದ. ಇವನೂ ಪುಟ್ಟಿಯ ಹಾಗೆ ಸಕಾರ ನುಂಗಲು ಶುರು ಮಾಡಿದ್ದಾನೆ. ಇದೇನು ಸಾಂಕ್ರಾಮಿಕವೋ ಏನೋ.

ಜುಲೈ 1, ಮಂಗಳವಾರ

ಇವತ್ತು ನಿಜವಾದ ಲೀಕ್. ರಸ್ತೆಯ ಮೇಲೇ ನೀರು ಉಕ್ಕಿತ್ತು, ಕಿವಿಯೇ ಬೇಕಾಗಿರಲಿಲ್ಲ. ರಿಪೇರಿ ಆದ ಮೇಲೆ ಎಂದಿನ ಹಾಗೆ ನಾನು ಬೀದಿಯ ಮೇಲ್ಭಾಗದ ವಾಲ್ವಿನ ಹತ್ತಿರ ಕೀಲಿ ಹಿಡಿದು ನಿಂತೆ, ಗುದ್ದಲಿ ಗುಂಡಿಯೊಳಗೆ, ಪೈಪಿನ ಬಿರುಕಿಗೆ ಬಿಗಿದ ಹೊಸ ಕ್ಲಾಂಪಿನ ಮೇಲೆ ಕೈಯಿಟ್ಟು ಕೂತ. ಅವನು "ಹಾಕು" ಎಂದು ಕೂಗಿದರೆ ನಾನು ಒಂದು ಸುತ್ತು ಹಾಕಬೇಕು, ಅಷ್ಟು ನೀರು ಪೈಪಿಗೆ ಇಳಿಯುತ್ತದೆ. ಕ್ಲಾಂಪ್ ತಡೆದರೆ ಮತ್ತೆ "ಹಾಕು". ಒಸರಿದರೆ "ಸಾಕು", ನಾನು ನಿಲ್ಲಿಸಬೇಕು. ಗುಂಡಿಯೊಳಗಿನವನು ನನಗೆ ಕಾಣುವುದಿಲ್ಲ. ಈ ಎರಡು ಮಾತಿನ ಮೇಲೇ ಇಷ್ಟು ವರ್ಷ ಕೆಲಸ ನಡೆದಿದೆ.

ಇವತ್ತು ಒಂದು ಸುತ್ತು ಹೆಚ್ಚಾಯಿತಂತೆ. ಅವನ ಮುಖಕ್ಕೆಲ್ಲ ನೀರು ಎರಚಿತು. ಮೇಲೆ ಬಂದು ತಲೆ ಒರೆಸಿಕೊಳ್ಳುತ್ತ, "ಸ್ನಾನ ಆಗಿರಲಿಲ್ಲ, ಒಳ್ಳೇದೇ ಆಯ್ತು" ಎಂದು ನಕ್ಕ. ನಾನೂ ನಕ್ಕೆ. ಜೋರಾಗಿ ಕೂಗಬಾರದೇ ಮಾರಾಯ ಎಂದು ನಾನೇ ಬೈದೆ.

ಜುಲೈ 4, ಶುಕ್ರವಾರ

ಸದ್ದು ದಿಂಬಿನೊಳಗೆ ಬಂದಿದೆ. ದಿಂಬು ಬದಲಾಯಿಸಿದೆ, ಅದರೊಳಗೂ ಬಂತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ, ಅಲ್ಲಿ ಇನ್ನೂ ಜೋರು. ಎರಡೂ ಕಿವಿಗೆ ಬೆರಳಿಟ್ಟೆ. ಹೊರಗಿನ ಸದ್ದಾಗಿದ್ದರೆ ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು.

ಯಾರೋ ನನ್ನೊಳಗೆ ಕೂತು ಹಲ್ಲು ಕಚ್ಚಿಕೊಂಡು ಉಸಿರು ಬಿಡುತ್ತಿದ್ದಾರೆ. ಭಯವಾಗುತ್ತಿದೆ. ಇದನ್ನು ಬರೆದ ಮೇಲೆ ಇನ್ನೂ ಭಯವಾಗುತ್ತಿದೆ.

ಜುಲೈ 8, ಮಂಗಳವಾರ

ಪುಟ್ಟಿಯ ಟೀಚರನ್ನು ನೋಡಿ ಬಂದೆ. ಮಾತು ತಿದ್ದುವವರು ಯಾರಾದರೂ ಇದ್ದರೆ ಹೇಳಿ ಅಂದೆ. ಆಕೆ ಪುಟ್ಟಿಯನ್ನು ಕರೆಸಿ ಪಾಠ ಓದಿಸಿದರು. ಮುಗಿದ ಮೇಲೆ ನನ್ನನ್ನು ವಿಚಿತ್ರವಾಗಿ ನೋಡಿ, "ಎಷ್ಟು ಚೆನ್ನಾಗಿ ಓದಿದಳಲ್ಲ, ಏನಾಗಿದೆ ಮಾತಿಗೆ?" ಅಂದರು. ಮಕ್ಕಳ ಕಡೆ ಗಮನವಿಲ್ಲದ ಇಂಥವರನ್ನೆಲ್ಲ ಟೀಚರ್ ಮಾಡುತ್ತಾರೆ. ಆಕೆಯೂ ಸಕಾರ ನುಂಗುವವರೇ, ಇನ್ನು ಮಗುವಿನ ತಪ್ಪು ಹೇಗೆ ಗೊತ್ತಾಗಬೇಕು?

ಡಿಪೋದಲ್ಲಿ ಗುದ್ದಲಿ ಪಕ್ಕಕ್ಕೆ ಕರೆದ. ನೆಲ ನೋಡುತ್ತ, "ಅಕ್ಕಾ, ಒಂದ್ಸಲ ಕಿವಿ ತೋರಿಸ್ಕೋಬಾರ್ದಾ?" ಎಂದ. ಮೈ ಉರಿದುಹೋಯಿತು. "ನಿನ್ನ ಕೆಲಸ ಅಗೆಯೋದು, ನೀನು ಅಗಿ" ಅಂದುಬಿಟ್ಟೆ. ಅವನ ಮುಖ ಸಣ್ಣದಾಯಿತು.

ತೋರಿಸಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲವೇ? ಕಿವಿ ಕೆಟ್ಟ ಕಿವಿಯಕ್ಕನನ್ನು ಫೈಲು ಕಟ್ಟುವ ಕೋಣೆಗೆ ಹಾಕುತ್ತಾರೆ. ಅಲ್ಲಿ ಕೂತು ದಾರ ಸುತ್ತುತ್ತ ಸಾಯಬೇಕು. ಈ ಕೆಲಸ ಬಿಟ್ಟರೆ ನಾನು ಯಾರು? ಬಾಯಿ ಮುಚ್ಚಿಕೊಂಡು ಇದ್ದುಬಿಡುತ್ತೇನೆ. ತಾನಾಗಿ ಬಂದದ್ದು ತಾನಾಗಿ ಹೋಗುತ್ತದೆ.

ಜುಲೈ 11, ಶುಕ್ರವಾರ

ಗುದ್ದಲಿ ಮಣ್ಣಿನಡಿ ಸಿಕ್ಕಿಕೊಂಡ. ಬದುಕಿದ್ದಾನೆ. ಬರೆಯಲು ಕೈ ಬರುತ್ತಿಲ್ಲ.

ಜುಲೈ 12, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ದೊಡ್ಡ ಪೈಪು, ಆಳದ ಗುಂಡಿ. ಕ್ಲಾಂಪ್ ಕೂರಿಸಿ ಆಯಿತು. ಲಾರಿಯವನು ಎಂಜಿನ್ ಚಾಲೂ ಇಟ್ಟುಕೊಂಡು ಒಳಗೆ ಕೂತಿದ್ದ. ನಾನು ವಾಲ್ವಿನ ಹತ್ತಿರ. "ಹಾಕು" ಎಂದು ಕೂಗಿದ, ಒಂದು ಸುತ್ತು ಹಾಕಿದೆ. "ಹಾಕು" ಎಂದ, ಹಾಕಿದೆ. ಆಮೇಲೆ ಅವಸರವಾಗಿ "ಹಾಕು! ಹಾಕಕ್ಕಾ!" ಎಂದ. ನನ್ನ ಎರಡೂ ಕಿವಿಯಲ್ಲಿ ಕೇಳಿದ್ದೇನೆ. ಮೊನ್ನೆ ಬೈದದ್ದಕ್ಕೆ ಜೋರಾಗಿ ಕೂಗುತ್ತಿದ್ದಾನೆ, ಕೆಲಸ ಬೇಗ ಮುಗಿಸೋಣ ಅನ್ನುತ್ತಿದ್ದಾನೆ ಎಂದುಕೊಂಡೆ. ಒಂದರ ಮೇಲೊಂದು ಸುತ್ತು ಹಾಕಿದೆ. ಕ್ಲಾಂಪ್ ಕಿತ್ತುಹೋಗಿ ನೀರು ಮರದೆತ್ತರಕ್ಕೆ ಎದ್ದಿತು. ಗುಂಡಿಯ ಒಂದು ಬದಿ ಹಾಗೇ ಕುಸಿದು ಅವನ ಮೇಲೆ ಕೂತಿತು.

ಕೈಯಲ್ಲೇ ಮಣ್ಣು ಬಗೆದೆವು. ಮೊದಲು ತಲೆ ಸಿಕ್ಕಿತು. ಬಾಯಲ್ಲಿ ಕೆಸರು ತುಂಬಿತ್ತು, ಬೆರಳು ಹಾಕಿ ತೆಗೆದೆ. ಉಸಿರಾಡಿದ.

ಎಡಗಾಲು ಉಳಿಯುವುದಿಲ್ಲವಂತೆ. ಅವನು ಯಾಕೆ ಹಾಕು ಅಂದ? ಒಸರುತ್ತಿರುವ ಕ್ಲಾಂಪಿನ ಮುಂದೆ ಕೂತುಕೊಂಡು ಯಾರಾದರೂ ಹಾಕು ಅನ್ನುತ್ತಾರೆಯೇ?

ಜುಲೈ 18, ಶುಕ್ರವಾರ

ಯಾರಿಗೂ ಹೇಳದೆ ಕಿವಿ ಪರೀಕ್ಷೆಗೆ ಹೋಗಿ ಬಂದೆ. ಸಣ್ಣ ವಯಸ್ಸಿನ ಹುಡುಗಿ, ಮೆತ್ತನೆಯ ದನಿ. ಗೋಡೆಗೆಲ್ಲ ಸ್ಪಂಜು ಹೊದಿಸಿದ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿದಳು. ಹೊರಗಿನ ಸದ್ದೆಲ್ಲ ನಿಂತುಹೋಯಿತು. ನನ್ನದು ಮಾತ್ರ ಉಳಿಯಿತು.

ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದಿದ್ದಳು. ಬಹಳ ಹೊತ್ತು ಒತ್ತಲು ಏನೂ ಇರಲಿಲ್ಲ. ಆಮೇಲೆ ಅವಳು ಬಾಯಿಗೆ ಹಲಗೆ ಅಡ್ಡ ಹಿಡಿದು ಒಂದೊಂದೇ ಮಾತು ಹೇಳಿದಳು, ನಾನು ಕೇಳಿದ ಹಾಗೆ ತಿರುಗಿ ಹೇಳಬೇಕು. ಹಾಲು. ಹಾವು. ಹಾರು. ಸುಲಭವಾಗಿತ್ತು. ಮುಗಿದ ಮೇಲೆ ಅವಳ ಕೈಯಲ್ಲಿದ್ದ ಕಾಗದ ನೋಡಿದೆ. ಸಾಲು. ಸಾವು. ಸಾರು.

"ಇನ್ನೊಂದು ಮಾಡಮ್ಮಾ" ಅಂದೆ. "ಸಾಕು, ಹಾಕು, ಎರಡನ್ನೂ ಹಿಂದೆಮುಂದೆ ಮಾಡಿ ಹೇಳು." ಅವಳು ಹಲಗೆ ಹಿಡಿದು ಹೇಳುತ್ತ ಹೋದಳು. ಎಲ್ಲವೂ ಹಾಕು. ಒಂದೂ ಬಿಡದೆ ಹಾಕು, ಹಾಕು, ಹಾಕು. ಹಕಾರ ಗಟ್ಟಿಯಾಗಿ, ಒಂದಿಷ್ಟೂ ಅನುಮಾನವಿಲ್ಲದೆ ಕೇಳಿಸಿತು. "ಅರ್ಧ ಸಾಕು ಅಂದೆ ಮೇಡಂ" ಎಂದಳು.

ಅವಳು ನೀರು ಕೊಟ್ಟು, ಎದುರು ಕೂತು, ನಿಧಾನವಾಗಿ ಹೇಳಿದಳು.

"ಕಿವಿಯೊಳಗೆ ತೀರಾ ಸಣ್ಣ ಕೂದಲಿನಂಥ ತುದಿ ಇರೋ ಜೀವಕೋಶಗಳಿವೆ. ರಸ್ತೆ ಒಡೆಯೋ ಯಂತ್ರದ ಪಕ್ಕ ವರ್ಷಗಟ್ಟಲೆ ನಿಂತಿದೀರಲ್ಲ, ಕೀರಲು ಸದ್ದು ಹಿಡಿಯೋವು ಸತ್ತುಹೋಗಿವೆ. ಸಕಾರ ಇರೋದು ಅಲ್ಲೇ. ಅಲ್ಲಿಂದ ಮಿದುಳಿಗೆ ಸುದ್ದಿ ಹೋಗೋದು ನಿಂತಿದೆ."

"ಹೋಗೋದು ನಿಂತರೆ ನಿಶ್ಶಬ್ದ ಇರಬೇಕಲ್ಲಮ್ಮಾ? ಈ ಸದ್ದು ಎಲ್ಲಿಂದ ಬಂತು?"

"ಮಿದುಳು ಸುಮ್ಮನೆ ಕೂರಲ್ಲ ಮೇಡಂ. ಸುದ್ದಿ ಬರ್ತಿಲ್ಲ ಅಂತ ಆ ಭಾಗದಲ್ಲಿ ವಾಲ್ಯೂಮ್ ಹೆಚ್ಚು ಮಾಡ್ಕೊಳ್ಳುತ್ತೆ. ಮಿದುಳಿನ ನರಗಳಲ್ಲಿ ಯಾವಾಗ್ಲೂ ಏನೋ ಒಂದಿಷ್ಟು ಚಟುವಟಿಕೆ ಇದ್ದೇ ಇರುತ್ತೆ, ಅದೇ ದೊಡ್ಡದಾಗಿ ಸದ್ದಿನ ಹಾಗೆ ಕೇಳುತ್ತೆ. ಹೀಗೇ ಅಂತ ಪೂರ್ತಿ ಇನ್ನೂ ಯಾರಿಗೂ ಗೊತ್ತಿಲ್ಲ. ಆದ್ರೆ ನೋಡಿ, ನಿಮಗೆ ಎಲ್ಲಿ ಕೇಳಿಸ್ತಿಲ್ವೋ ನಿಮ್ಮ ಸದ್ದೂ ಹೆಚ್ಚುಕಡಿಮೆ ಅಲ್ಲೇ ಇದೆ."

ಕೊನೆಯ ಬಡಾವಣೆಗೆ ನೀರು ಏರದಿದ್ದಾಗ ನಮ್ಮ ಪಂಪ್‌ಹೌಸಿನವರು ಒತ್ತಡ ಹೆಚ್ಚಿಸುತ್ತಾರೆ, ಆಗ ಹಳೆಯ ಜಾಯಿಂಟುಗಳೆಲ್ಲ ಸಿಳ್ಳೆ ಹೊಡೆಯುತ್ತವೆ. ಅಷ್ಟು ನನಗೆ ಅರ್ಥವಾಯಿತು. "ಹಾಕು ಅಂತ ಯಾಕೆ ಕೇಳಿಸಿತು?" ಅಂದೆ. "ಮಾತಿನಲ್ಲೂ ಅಷ್ಟೇ. ಮೊದಲ ಅಕ್ಷರ ಬಂದಿಲ್ಲ ಅಂದ್ರೆ ಮಿದುಳು ಖಾಲಿ ಬಿಡಲ್ಲ, ಅದಕ್ಕೆ ರೂಢಿ ಇರೋದನ್ನ ತುಂಬಿಕೊಳ್ಳುತ್ತೆ. ನಿಮಗೆ ಮಾತ್ರ ಅದು ನಿಜವಾಗಿ ಕೇಳಿಸಿದ ಹಾಗೇ ಇರುತ್ತೆ."

ಯಾರೂ ಸಕಾರ ನುಂಗಿರಲಿಲ್ಲ. ಪುಟ್ಟಿಯದು, ಇವರದು, ಗುದ್ದಲಿಯದು, ಎಲ್ಲರ ಸಕಾರವೂ ನನ್ನ ತಲೆಯೊಳಗೇ ಇದೆ, ಒಂದೇ ಸಮ ಕೂಗುತ್ತಿದೆ.

ಜುಲೈ 22, ಮಂಗಳವಾರ

ಇವರಿಗೆ ಹೇಳಿದೆ. ಮೊದಲ ಸಲ ಇವರ ಬಾಯನ್ನು ಸರಿಯಾಗಿ ನೋಡಿದೆ, ಮೀಸೆ ತುಟಿಯ ಮೇಲೆ ಬಂದಿದೆ. ಕತ್ತರಿಸಿಕೊಳ್ಳಿ ಅಂದೆ, ತಕ್ಷಣ ಎದ್ದು ಹೋಗಿ ಕತ್ತರಿಸಿಕೊಂಡು ಬಂದರು. ಬಂದು ಮುಖವನ್ನು ನನ್ನ ಎದುರಿಗೆ ಹಿಡಿದು, "ಈಗ?" ಅಂದರು. ಅಳು ಬಂತು.

ಇಲಾಖೆಯ ವಿಚಾರಣೆ ಇದೆಯಂತೆ. ತಪ್ಪು ಗುದ್ದಲಿಯದೇ ಎಂದಾದರೆ ಅವನನ್ನು ಮನೆಗೆ ಕಳಿಸುತ್ತಾರೆ. ಅಲ್ಲ ಎಂದಾದರೆ ಡಿಪೋದ ಗೇಟಿನಲ್ಲಿ ಕೂರುವ ಕೆಲಸ ಕೊಡುತ್ತಾರೆ. ತಪ್ಪು ನನ್ನದಾದರೆ ನನಗೆ ಫೈಲಿನ ಕೋಣೆಯೂ ಸಿಗಲಾರದು. "ಅವನು ಏನಂದ ಅಂತ ಬೇರೆ ಯಾರೂ ಕೇಳಿಸ್ಕೊಂಡಿಲ್ಲ" ಅಂದರು ಇವರು.

ಪುಟ್ಟಿ ನನಗೆ ಪಾಠ ಮಾಡುತ್ತಿದ್ದಾಳೆ. ದನಿ ತೆಗೆಯದೆ ಬಾಯಿ ಆಡಿಸುತ್ತಾಳೆ, ನಾನು ಹೇಳಬೇಕು. ಸಾ ಅನ್ನುವಾಗ ಹಲ್ಲು ಹತ್ತಿರ ಬರುತ್ತದೆ, ಹಾ ಅನ್ನುವಾಗ ಬಾಯಿ ಸೀದಾ ತೆರೆಯುತ್ತದೆ. ಹಲ್ಲು ಎರಡಿಲ್ಲದ ಬಾಯಲ್ಲೂ ಕಾಣುತ್ತದೆ. ತಪ್ಪು ಹೇಳಿದರೆ, ನಾನು ಅವಳನ್ನು ಗದರಿದ ಹಾಗೇ ಗದರುತ್ತಾಳೆ.

ಮಲಗಿದರೆ ಆ ಸದ್ದಿನೊಳಗಿಂದ ಗುದ್ದಲಿ ಕೂಗುತ್ತಾನೆ. ಅಲ್ಲೂ ಹಾಕು ಅನ್ನುತ್ತಾನೆ. ನನ್ನ ತಲೆಯೊಳಗೆ ಅವನಿಗೆ ಬೇರೆ ಮಾತು ಹೇಳಲು ಬರುವುದಿಲ್ಲ.

ಜುಲೈ 30, ಬುಧವಾರ

ಆಸ್ಪತ್ರೆಯ ಕೋಣೆಯಲ್ಲೇ ವಿಚಾರಣೆ. ಗುದ್ದಲಿ ದಿಂಬಿಗೆ ಒರಗಿದ್ದ. ಹೊದಿಕೆ ಬಲಗಡೆ ಉಬ್ಬಿತ್ತು, ಎಡಗಡೆ ಮೊಣಕಾಲಿನಿಂದ ಕೆಳಗೆ ಚಪ್ಪಟೆಯಾಗಿತ್ತು. ಇಂಜಿನಿಯರ್ ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. ನಾನು ಎಲ್ಲರ ಬಾಯಿ ಕಾಣುವ ಕಡೆ ನಿಂತೆ.

"ಆವತ್ತು ಗುಂಡಿಯಿಂದ ಏನಂತ ಕೂಗಿದೆಯಪ್ಪಾ? ನೆನಪಿದೆಯಾ?"

ಗುದ್ದಲಿ ನನ್ನ ಕಡೆ ತಿರುಗಲಿಲ್ಲ. ಬಾಯಿ ಸೀದಾ ತೆರೆದ. ಹಲ್ಲು ಹತ್ತಿರ ಬರಲಿಲ್ಲ. "ಹಾಕು ಅಂದೆ ಸಾರ್. ಕ್ಲಾಂಪ್ ಕೂತಿದೆ ಅಂದ್ಕೊಂಡೆ. ತಪ್ಪು ನಂದೇ."

ಇಂಜಿನಿಯರ್ ನನ್ನ ಕಡೆ ನೋಡಿದರು. "ನಿಮಗೂ ಹಾಗೇ ತಾನೇ ಕೇಳಿಸಿದ್ದು?"

ಹೌದು ಅಂದಿದ್ದರೆ ಅದು ಸುಳ್ಳಲ್ಲ. ನನ್ನ ಕೆಲಸ, ನನ್ನ ಹೆಸರು, ಎಲ್ಲ ಉಳಿಯುತ್ತಿತ್ತು. ನಾಲಗೆಯ ತುದಿಯವರೆಗೆ ಬಂದಿತ್ತು. ಅವನ ಕಾಲಿಲ್ಲದ ಜಾಗದಲ್ಲಿ ಹೊದಿಕೆಯನ್ನು ನೀಟಾಗಿ ಮಡಚಿಟ್ಟಿದ್ದರು.

"ಕೇಳಿಸಿದ್ದು ಹಾಕು ಅಂತಲೇ ಸಾರ್" ಅಂದೆ. "ಇವನು ಕೂಗಿದ್ದು ಸಾಕು ಅಂತ. ನನಗೆ ಕಿವಿ ಕೇಳಿಸಲ್ಲ. ಎರಡು ತಿಂಗಳಿಂದ ಕೇಳಿಸ್ತಿಲ್ಲ. ಮುಚ್ಚಿಟ್ಟಿದ್ದೆ."

ಪರೀಕ್ಷೆಯ ಕಾಗದ ಕೊಟ್ಟೆ. ಅವರು ಓದಿ, ಇನ್ನೂ ಏನೇನೋ ಕೇಳಿದರು, ಕಂಡಷ್ಟಕ್ಕೆ ಉತ್ತರ ಹೇಳಿದೆ. ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ, ಮುಂದಿನದು ತಿಳಿಸುತ್ತೇವೆ ಎಂದು ಹೇಳಿ ಹೋದರು.

ಗುದ್ದಲಿ ಗೋಡೆಯ ಕಡೆ ಮುಖ ಮಾಡಿಕೊಂಡು ಏನೋ ಅನ್ನುತ್ತಿದ್ದ. ಭುಜ ಅಲುಗುತ್ತಿತ್ತು.

"ಈ ಕಡೆ ತಿರುಗಿ ಬಯ್ಯೋ" ಅಂದೆ. "ಆ ಕಡೆ ಬೈದ್ರೆ ನಂಗೆ ತಲುಪಲ್ಲ."

ತಿರುಗಿದ. ಕಣ್ಣು ಕೆಂಪಾಗಿತ್ತು. "ನನ್ನ ಕಾಲಂತೂ ಹೋಯ್ತು. ನಿನ್ನ ಕೆಲಸವಾದ್ರೂ ಉಳೀಲಿ ಅಂದ್ರೆ, ತಲೆ ಕೆಟ್ಟಿದ್ಯಾ ನಿಂಗೆ?"

"ಕೆಟ್ಟಿರೋದು ಕಿವಿ. ತಲೆ ಬೇಕಾದ್ದಕ್ಕಿಂತ ಜಾಸ್ತಿ ಕೆಲಸ ಮಾಡ್ತಿದೆ" ಅಂದೆ. ಅವನು ನಗಲಿಲ್ಲ.

ಮಂಚದ ಅಂಚಿನಲ್ಲಿ ಕೂತೆ. ಅಷ್ಟು ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿಯೇಬಿಟ್ಟೆ. "ಮೊದಲನೇ ಸಲ ಒಸರಿದಾಗಲೇ ಗೊತ್ತಾಗಿತ್ತಲ್ಲ. ಏಣಿ ಪಕ್ಕದಲ್ಲೇ ಇತ್ತು. ಯಾಕೋ ಹತ್ತಿ ಬರಲಿಲ್ಲ?"

ತಲೆಯೊಳಗಿನ ಸದ್ದು ಆ ಕೋಣೆಯನ್ನೆಲ್ಲ ತುಂಬಿಕೊಂಡಿತು. ನಾನು ಅವನ ಬಾಯನ್ನೇ ನೋಡುತ್ತ ಕೂತಿದ್ದೆ. ಕೊನೆಗೆ ತುಟಿ ಅಲುಗಿತು, ಒಂದಕ್ಷರವೂ ತಪ್ಪದೆ ಕಂಡಿತು.

"ಕೂಗ್ತಾ ಇದ್ದೆನಲ್ಲಕ್ಕಾ. ನೀನು ಕೇಳಿಸ್ಕೊಳ್ತೀಯ ಅಂತ ಇದ್ದೆ."